ಮೆಟ್ನರ್ ಕೃತಿಗಳ ಧ್ವನಿಮುದ್ರಣ ಮತ್ತು ಮೈಸೂರು ರಾಜಾಶ್ರಯ

ಮೈಸೂರು ಸಂಸ್ಥಾನದ ಸಂಗೀತಾಶ್ರಯದ ಚರಿತ್ರೆಯಲ್ಲಿ ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ಮೈಸೂರು ವಾಸುದೇವಾಚಾರ್ಯ, ಹರಿಕೇಶನಲ್ಲೂರು ಮುತ್ತಯ್ಯ ಭಾಗವತರ್ ಮೊದಲಾದ ವಿದ್ವಾಂಸರ ಹೆಸರುಗಳು ಸುಪರಿಚಿತವಾಗಿವೆ. ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣಸಿಗದ ಹೆಸರೊಂದಿದೆ. ಅದು ಮಾಸ್ಕೋದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಮಡಿದ ಸ್ವರಸಂಯೋಜಕ ನಿಕೊಲಾಯ್ ಕಾರ್ಲೊವಿಚ್ ಮೆಟ್ನರ್ ಅವರದು. ಅವರ ಇಳಿವಯಸ್ಸಿನಲ್ಲಿ, ಅವರ ಕೃತಿಗಳನ್ನು ಅವರೇ ನುಡಿಸಿದಂತೆ ಧ್ವನಿಮುದ್ರಿಸಿ ಉಳಿಸುವ ಕಾರ್ಯಕ್ಕೆ ಹಣ ಒದಗಿಸಿದವರು ಮೈಸೂರಿನ ಕೊನೆಯ ಅರಸರಾದ ಶ್ರೀ ಜಯಚಾಮರಾಜೇಂದ್ರ ಒಡೆಯರು. ಪಾಶ್ಚಾತ್ಯ ಸಂಗೀತದ ಚರಿತ್ರಕಾರರು ಈ ಸಂಗತಿಯನ್ನು ಒಂದು ವಿಲಕ್ಷಣ ಪ್ರಸಂಗವೆಂಬಂತೆ ಒಂದೆರಡು ವಾಕ್ಯಗಳಲ್ಲಿ ಹೇಳಿ ಮುಂದೆ ಸಾಗುತ್ತಾರೆ. ಕರ್ನಾಟಕದ ಸಂಗೀತ ಚರಿತ್ರಕಾರರಲ್ಲಿಯೂ ಇದು ಅರಸರ ಬಹುಮುಖ ಪ್ರತಿಭೆಗೆ ಒಂದು ನಿದರ್ಶನವಾಗಿ ಮಾತ್ರ ಉಲ್ಲೇಖಗೊಳ್ಳುತ್ತದೆ. ಯಾವ ಕೃತಿಗಳು ಈ ಆಶ್ರಯದಿಂದ ಉಳಿದವು, ಆ ಒಲವಿನ ಹಿಂದಿನ ಕಾರಣಗಳೇನು, ಅದಕ್ಕೆ ಅಂದಿನ ಮೈಸೂರಿನ ರಾಜಕೀಯ ಪರಿಸರ ಯಾವ ಅರ್ಥವನ್ನು ಕೊಡುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

೧. ಮೆಟ್ನರ್: ಜೀವನ ಮತ್ತು ಕೃತಿಗಳು

ಮೆಟ್ನರ್ ೧೮೮೦ರ ಜನವರಿ ೫ರಂದು ಮಾಸ್ಕೋದಲ್ಲಿ ಜನಿಸಿದರು. ಮಾಸ್ಕೋ ಸಂಗೀತ ವಿದ್ಯಾಲಯದಲ್ಲಿ ವಸೀಲಿ ಸಫೋನೊವ್ ಅವರಲ್ಲಿ ಪಿಯಾನೊ ಅಭ್ಯಾಸ ಮಾಡಿ ೧೯೦೦ರಲ್ಲಿ ವ್ಯಾಸಂಗ ಮುಗಿಸಿದರು. ಕಛೇರಿ ಪಿಯಾನೊವಾದಕರಾಗಿ ಕೀರ್ತಿ ಗಳಿಸುವ ದಾರಿ ಅವರಿಗೆ ತೆರೆದಿತ್ತು. ಆದರೆ ಅವರು ರಚನೆಯ ಕಡೆಗೆ ತಿರುಗಿದರು. ಅವರಿಗಿಂತ ಏಳು ವರ್ಷ ಹಿರಿಯರಾದ ಸೆರ್ಗೆಯ್ ರಖ್ಮಾನಿನೋವ್ ಅವರೊಡನೆ ಬೆಳೆದ ಸ್ನೇಹ ಜೀವನದುದ್ದಕ್ಕೂ ಉಳಿಯಿತು. ರಖ್ಮಾನಿನೋವ್ ತಮ್ಮ ನಾಲ್ಕನೆಯ ಪಿಯಾನೊ ಕನ್ಸರ್ಟೊವನ್ನು ಮೆಟ್ನರ್ ಅವರಿಗೆ ಅರ್ಪಿಸಿದರೆ, ಮೆಟ್ನರ್ ತಮ್ಮ ಎರಡನೆಯ ಕನ್ಸರ್ಟೊವನ್ನು ರಖ್ಮಾನಿನೋವ್ ಅವರಿಗೆ ಅರ್ಪಿಸಿದರು.

ಮೆಟ್ನರ್ ಅವರ ರಚನೆಗಳ ವ್ಯಾಪ್ತಿ ಉದ್ದೇಶಪೂರ್ವಕವಾಗಿ ಸೀಮಿತವಾದುದು. ಅವರು ಗೀತನಾಟಕವನ್ನಾಗಲಿ ಸಿಂಫನಿಯನ್ನಾಗಲಿ ಬರೆಯಲಿಲ್ಲ. ಅವರ ಕೃತಿಗಳೆಲ್ಲದರಲ್ಲಿಯೂ ಪಿಯಾನೊ ಇದೆ. ಹದಿನಾಲ್ಕು ಪಿಯಾನೊ ಸೊನಾಟಾಗಳು, ಮೂರು ಕನ್ಸರ್ಟೊಗಳು, ಪಿಟೀಲು ಮತ್ತು ಪಿಯಾನೊಗಳಿಗಾಗಿ ಮೂರು ಸೊನಾಟಾಗಳು, ಒಂದು ಪಿಯಾನೊ ಪಂಚವಾದ್ಯ ಕೃತಿ, ಪುಷ್ಕಿನ್, ತ್ಯೂಚೆವ್, ಗಯಟೆ ಮೊದಲಾದ ಕವಿಗಳ ಪದ್ಯಗಳಿಗೆ ಸಂಯೋಜಿಸಿದ ನೂರಕ್ಕೂ ಹೆಚ್ಚು ಗೀತೆಗಳು ಅವರ ಸೃಷ್ಟಿಯ ಮುಖ್ಯ ಭಾಗ. ಇವುಗಳ ಜೊತೆಗೆ 'ಸ್ಕಾಜ್ಕಿ', ಅಂದರೆ 'ಕಥೆಗಳು', ಎಂಬ ಹೆಸರಿನ ಕಿರುಕೃತಿಗಳ ಸಮೂಹವಿದೆ. ಅಡಗೂಲಜ್ಜಿಯ ಕಥೆಯಂತೆ ಒಮ್ಮೆ ನವಿರಾಗಿ, ಒಮ್ಮೆ ಭಯಂಕರವಾಗಿ ಸಾಗುವ ಈ ಕಿರುಕೃತಿಗಳಿಂದಲೇ ಅವರು ಹೆಚ್ಚು ಪರಿಚಿತರು.

೧೯೨೧ರಲ್ಲಿ ಅವರು ರಷ್ಯವನ್ನು ಬಿಟ್ಟರು. ಬರ್ಲಿನ್ ಮತ್ತು ಪ್ಯಾರಿಸ್ ಪರಿಸರಗಳಲ್ಲಿ ಅವರ ಸಂಗೀತಕ್ಕೆ ಆದರ ದೊರೆಯಲಿಲ್ಲ. ೧೯೩೫ರಲ್ಲಿ ಲಂಡನ್ನಿಗೆ ಬಂದು ನೆಲೆಸಿದ ಮೇಲೆ ಒಂದು ಸಣ್ಣ ಅಭಿಮಾನಿ ವರ್ಗ ಅವರ ಸುತ್ತ ಬೆಳೆಯಿತು. ಅದೇ ವರ್ಷ ರಖ್ಮಾನಿನೋವ್ ಅವರ ನೆರವಿನಿಂದ ಅವರ 'ಸಂಗೀತದೇವಿ ಮತ್ತು ಕಾಲದ ಷೋಕಿ' ಎಂದು ಅನುವಾದಿಸಬಹುದಾದ ಗದ್ಯಗ್ರಂಥ ಪ್ಯಾರಿಸ್ಸಿನಲ್ಲಿ ಪ್ರಕಟವಾಯಿತು. ಎರಡನೆಯ ಮಹಾಯುದ್ಧ ಆರಂಭವಾದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಆದಾಯ ನಿಂತುಹೋಯಿತು. ಬಾಂಬ್ ದಾಳಿಯ ದಿನಗಳಲ್ಲಿ ಮೆಟ್ನರ್ ದಂಪತಿಗಳಿಗೆ ಇಂಗ್ಲಿಷ್ ಪಿಯಾನೊವಾದಕಿ ಎಡ್ನಾ ಐಲ್ಸ್ ಅವರ ಕುಟುಂಬ ವಾರಿಕ್‌ಷೈರಿನಲ್ಲಿ ಆಸರೆ ನೀಡಿತು. ೧೯೪೨ರಲ್ಲಿ ಅವರಿಗೆ ಹೃದಯದ ಕಾಯಿಲೆ ಕಾಣಿಸಿಕೊಂಡಿತು. ಮರುವರ್ಷ ರಖ್ಮಾನಿನೋವ್ ತೀರಿಕೊಂಡರು. ಯುದ್ಧ ಮುಗಿಯುವ ವೇಳೆಗೆ ಮೆಟ್ನರ್ ಅನಾರೋಗ್ಯ ಪೀಡಿತರಾದ, ಆದಾಯ ಕುಗ್ಗಿದ, ಕಾಲದ ಅಭಿರುಚಿಯಿಂದ ದೂರ ಉಳಿದ ಕಲಾವಿದರಾಗಿದ್ದರು.

೨. ಅರಮನೆಯ ಪಾಶ್ಚಾತ್ಯ ಸಂಗೀತದ ಹಿನ್ನೆಲೆ

ಮೈಸೂರು ಅರಮನೆಗೆ ಪಾಶ್ಚಾತ್ಯ ಸಂಗೀತ ೧೯೪೦ರ ದಶಕದಲ್ಲಿ ಹೊಸದಾಗಿ ಬಂದುದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿಯೇ ಕರ್ನಾಟಕ ಸಂಗೀತದ ವಾದ್ಯವೃಂದದ ಜೊತೆಗೆ ಪಾಶ್ಚಾತ್ಯ ವಾದ್ಯವೃಂದವೂ ಅರಮನೆಯಲ್ಲಿ ನೆಲೆಗೊಂಡಿತ್ತು. ಜರ್ಮನಿಯ ಒಟ್ಟೊ ಷ್ಮಿಟ್ ಅದರ ನಿರ್ದೇಶಕರಾಗಿ ಕೆಲಸ ಮಾಡಿದರು. ನಾಲ್ವಡಿಯವರು ಸ್ವತಃ ಎರಡೂ ಪದ್ಧತಿಗಳ ವಾದ್ಯಗಳನ್ನು ಬಲ್ಲವರಾಗಿದ್ದರು. ಆಸ್ಥಾನದ ವೈಣಿಕರು ಪಾಶ್ಚಾತ್ಯ ಸ್ವರಲಿಪಿಯ ಪರಿಚಯ ಪಡೆಯುವುದು, ದಸರಾ ದರ್ಬಾರಿನಲ್ಲಿ ಎರಡೂ ಬಗೆಯ ವಾದ್ಯಗೋಷ್ಠಿಗಳು ನಡೆಯುವುದು ಅಲ್ಲಿ ಅಪರೂಪದ ಸಂಗತಿಯಾಗಿರಲಿಲ್ಲ.

ಜಯಚಾಮರಾಜೇಂದ್ರ ಒಡೆಯರು ೧೯೧೯ರ ಜುಲೈ ೧೮ರಂದು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಪುತ್ರರಾಗಿ ಜನಿಸಿ ಇಂಥ ಪರಿಸರದಲ್ಲಿ ಬೆಳೆದರು. ಮೈಸೂರು ವಿಶ್ವವಿದ್ಯಾನಿಲಯದ ಪದವಿ ಪಡೆದು ೧೯೩೯ರಲ್ಲಿ ಯುರೋಪ್ ಪ್ರವಾಸ ಕೈಗೊಂಡರು. ೧೯೪೦ರಲ್ಲಿ ತಂದೆಯವರೂ ದೊಡ್ಡಪ್ಪನವರಾದ ನಾಲ್ವಡಿಯವರೂ ಕೆಲವೇ ತಿಂಗಳ ಅಂತರದಲ್ಲಿ ನಿಧನರಾದುದರಿಂದ ಇಪ್ಪತ್ತೊಂದರ ಹರೆಯದಲ್ಲಿಯೇ ಅವರು ಸಿಂಹಾಸನವನ್ನು ಏರಬೇಕಾಯಿತು. ಪಿಯಾನೊ ವಾದನದಲ್ಲಿ ಅವರ ಸಾಧನೆ ಹವ್ಯಾಸದ ಮಟ್ಟವನ್ನು ಮೀರಿದ್ದಿತು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಅರ್ಹತೆಯನ್ನು ಅವರು ಪಡೆದಿದ್ದರು. ೧೯೪೫ರಲ್ಲಿ ಅಲ್ಲಿಯ ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ಗೌರವ ಫೆಲೋ ಆಗಿ ಸ್ವೀಕರಿಸಿತು. ಅರಮನೆಯಲ್ಲಿ ಅವರು ಕೂಡಿಸಿದ್ದ ಗ್ರಾಮೊಫೋನ್ ತಟ್ಟೆಗಳ ಸಂಗ್ರಹ ಅಸಾಧಾರಣವಾಗಿತ್ತು. ಯುದ್ಧಕಾಲದ ಮೈಸೂರಿನಲ್ಲಿದ್ದುಕೊಂಡು ಯುರೋಪಿನ ಸಂಗೀತವನ್ನು ಅನುಸರಿಸಲು ಅವರಿಗಿದ್ದ ದಾರಿಗಳು ಎರಡೇ: ಮುದ್ರಿತ ಸ್ವರಲಿಪಿ ಮತ್ತು ಧ್ವನಿಮುದ್ರಿಕೆ. ಮೆಟ್ನರ್ ಅವರ ವಿಷಯದಲ್ಲಿ ಮೊದಲನೆಯದು ಸಿಗುತ್ತಿತ್ತು, ಎರಡನೆಯದು ಬಹುಮಟ್ಟಿಗೆ ಇರಲೇ ಇಲ್ಲ. ಮಹಾರಾಜರ ಯೋಜನೆ ಹುಟ್ಟಿದುದು ಈ ಕೊರತೆಯಿಂದ.

೩. ಮೆಟ್ನರ್ ಸೊಸೈಟಿ ಮತ್ತು ಆಯ್ದ ಕೃತಿಗಳು

೧೯೪೬ರಲ್ಲಿ ಮಹಾರಾಜರ ಪ್ರಸ್ತಾಪ ಮೆಟ್ನರ್ ಅವರನ್ನು ತಲುಪಿತು. ಸಾಧ್ಯವಾದಷ್ಟು ಕೃತಿಗಳನ್ನು ಸ್ವತಃ ಮೆಟ್ನರ್ ಅವರೇ ನುಡಿಸಿ ಧ್ವನಿಮುದ್ರಿಸಬೇಕು, ಅದರ ವೆಚ್ಚವನ್ನು ಮಹಾರಾಜರು ಭರಿಸುತ್ತಾರೆ ಎಂಬುದು ಅದರ ಸಾರಾಂಶ. ಇದಕ್ಕಾಗಿ 'ಮೆಟ್ನರ್ ಸೊಸೈಟಿ' ರೂಪುಗೊಂಡಿತು. ಹಿಸ್ ಮಾಸ್ಟರ್ಸ್ ವಾಯ್ಸ್ ಸಂಸ್ಥೆ ಧ್ವನಿಮುದ್ರಣದ ಹೊಣೆ ಹೊತ್ತಿತು. ೧೯೪೭ರಲ್ಲಿ ಕೆಲಸ ಪ್ರಾರಂಭವಾಯಿತು. ಆಗ ಮೆಟ್ನರ್ ಅವರಿಗೆ ಅರುವತ್ತೇಳು ವರ್ಷ.

ಅಂದಿನ ಧ್ವನಿಮುದ್ರಣ ವಿಧಾನವನ್ನು ನೆನೆದರೆ ಈ ಕಾರ್ಯದ ಕಷ್ಟ ಅರಿವಾಗುತ್ತದೆ. ನಿಮಿಷಕ್ಕೆ ೭೮ ಸುತ್ತು ತಿರುಗುವ ಹನ್ನೆರಡು ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ನಾಲ್ಕೈದು ನಿಮಿಷಗಳ ಸಂಗೀತ ಮಾತ್ರ ಹಿಡಿಯುತ್ತಿತ್ತು. ಅರ್ಧ ಗಂಟೆಗೂ ಮೀರಿದ ಕನ್ಸರ್ಟೊವನ್ನು ತುಂಡುತುಂಡಾಗಿ ನುಡಿಸಬೇಕು. ಒಂದು ತುಂಡಿನಲ್ಲಿ ತಪ್ಪಾದರೆ ಆ ಇಡೀ ಮಗ್ಗುಲನ್ನು ಮತ್ತೆ ನುಡಿಸಬೇಕು. ಹೃದ್ರೋಗಿಯಾದ ವೃದ್ಧ ಕಲಾವಿದರಿಗೆ ಇದು ಸಾಮಾನ್ಯ ಪರಿಶ್ರಮವಲ್ಲ. ಹಾಗಿದ್ದರೂ ಮೂರು ಕನ್ಸರ್ಟೊಗಳೂ ೧೯೪೭ರಲ್ಲಿಯೇ ಫಿಲ್‌ಹಾರ್ಮೊನಿಯ ವಾದ್ಯವೃಂದದೊಡನೆ ಮುದ್ರಣಗೊಂಡವು. ಎರಡನೆಯ ಮತ್ತು ಮೂರನೆಯ ಕನ್ಸರ್ಟೊಗಳಿಗೆ ಇಸ್ಸಾಯ್ ದೋಬ್ರೊವೆನ್, ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್ ನಿರ್ದೇಶಕರಾಗಿದ್ದರು.

ಸೊಸೈಟಿಯ ಹೆಸರಿನಲ್ಲಿ ಮೂರು ಸಂಪುಟಗಳು ಹೊರಬಂದವು. ಇವುಗಳಲ್ಲಿಯೂ ಇವುಗಳ ಆಚೆಗೂ ಆ ವರ್ಷಗಳಲ್ಲಿ ಮುದ್ರಣಗೊಂಡ ಕೃತಿಗಳನ್ನು ಗಮನಿಸಿದರೆ ಮೆಟ್ನರ್ ಅವರ ಪ್ರತಿಭೆಯ ಎಲ್ಲ ಮುಖಗಳೂ ಅಲ್ಲಿವೆ. ಮೊದಲನೆಯ ಕನ್ಸರ್ಟೊ ಮೊದಲ ಮಹಾಯುದ್ಧದ ವರ್ಷಗಳಲ್ಲಿ, ೧೯೧೪ರಿಂದ ೧೯೧೮ರವರೆಗೆ, ಒಂದೇ ಅವಿಚ್ಛಿನ್ನ ಭಾಗವಾಗಿ ರಚಿತವಾದುದು. ಒಂದು ಮೂಲವಸ್ತುವನ್ನು ಹಲವು ರೂಪಭೇದಗಳಲ್ಲಿ ಬೆಳೆಸಿ, ಆ ರೂಪಭೇದಗಳ ಸರಣಿಯನ್ನೇ ಕೃತಿಯ ಮಧ್ಯಭಾಗವನ್ನಾಗಿ ನಿಲ್ಲಿಸಿರುವುದು ಅದರ ವೈಶಿಷ್ಟ್ಯ. ಎರಡನೆಯದು ಟೊಕ್ಕಾಟ, ರೊಮಾನ್ಸ, ಡೈವರ್ಟಿಮೆಂಟೊ ಎಂಬ ಮೂರು ಭಾಗಗಳ ಉತ್ಸಾಹಪೂರ್ಣ ರಚನೆ. 'ಸೊನಾಟಾ-ವೊಕಾಲೀಸ್' ಎಂಬ ಕೃತಿಯಲ್ಲಿ ಗಯಟೆಯ ಪದ್ಯದ ಪ್ರವೇಶಿಕೆಯ ಬಳಿಕ ಗಾಯಕಿ ಸಾಹಿತ್ಯವಿಲ್ಲದೆ ಕೇವಲ ಸ್ವರಾಕ್ಷರದಲ್ಲಿ ಹಾಡುತ್ತಾರೆ. ಅದನ್ನು ಮಾರ್ಗರೆಟ್ ರಿಚೀ ಹಾಡಿದರು. ಆಲಾಪನೆಯ ಸಂಸ್ಕಾರವಿರುವ ಶ್ರೋತೃವಿಗೆ ಈ ಕೃತಿ ಬೇಗ ಹತ್ತಿರವಾಗಬಹುದು. ಆದರೆ ಇಲ್ಲಿ ಮನೋಧರ್ಮಕ್ಕೆ ಅವಕಾಶವಿಲ್ಲ, ಪ್ರತಿಯೊಂದು ಸ್ವರವೂ ಬರೆದಿಟ್ಟದ್ದು ಎಂಬ ವ್ಯತ್ಯಾಸವನ್ನು ಮರೆಯಬಾರದು. ಮೊದಲನೆಯ ಪಿಟೀಲು ಸೊನಾಟಾದಲ್ಲಿ ಸಿಸಿಲಿಯಾ ಹಾನ್ಸೆನ್, ಗೀತೆಗಳಲ್ಲಿ ಓದಾ ಸ್ಲೊಬೊದ್ಸ್ಕಯ ಮತ್ತು ತತಿಯಾನ ಮಕೂಷಿನ ಭಾಗವಹಿಸಿದರು. ೧೯೫೦ರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಅವರೊಡನೆಯೂ ಗೀತೆಗಳು ಮುದ್ರಣಗೊಂಡವು. ಬಿಡಿ ಪಿಯಾನೊ ಕೃತಿಗಳಲ್ಲಿ ಹಲವು 'ಕಥೆಗಳು' ಸೇರಿದವು. ಯೌವನದಲ್ಲಿ ಆರಂಭಿಸಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಕೈಯಲ್ಲಿಟ್ಟುಕೊಂಡು ೧೯೪೦ರ ದಶಕದ ಕೊನೆಗೆ ಮುಗಿಸಿದ ಪಿಯಾನೊ ಪಂಚವಾದ್ಯ ಕೃತಿಯನ್ನು ಇಯೋಲಿಯನ್ ಕ್ವಾರ್ಟೆಟ್ ತಂಡದೊಡನೆ ಅವರು ೧೯೪೯ರಲ್ಲಿ ನುಡಿಸಿದರು.

ಬಿಟ್ಟುಹೋದುದೂ ಇದೆ. ಮೆಟ್ನರ್ ಅವರ ಸೊನಾಟಾಗಳಲ್ಲಿ ಅತ್ಯಂತ ವಿಸ್ತಾರವಾದ, ತ್ಯೂಚೆವನ ಪದ್ಯವೊಂದರಿಂದ ಪ್ರೇರಣೆ ಪಡೆದು ರಖ್ಮಾನಿನೋವ್ ಅವರಿಗೆ ಅರ್ಪಿತವಾದ 'ಇರುಳ ಗಾಳಿ' ಸೊನಾಟಾ ಈ ಸಂಪುಟಗಳಲ್ಲಿ ಸೇರಲಿಲ್ಲ. ೧೯೫೧ರ ನವೆಂಬರ್ ೧೩ರಂದು ಮೆಟ್ನರ್ ಲಂಡನ್ನಿನಲ್ಲಿ ನಿಧನರಾದಾಗ ಯೋಜನೆ ಪೂರ್ಣಗೊಳ್ಳದೆ ನಿಂತಿತು.

೪. ಮೂರನೆಯ ಕನ್ಸರ್ಟೊದ ಅರ್ಪಣೆ

ಮೆಟ್ನರ್ ಅವರ ಮೂರನೆಯ ಕನ್ಸರ್ಟೊ ಮೈಸೂರು ಮಹಾರಾಜರಿಗೆ ಅರ್ಪಿತವಾಗಿದೆ. ಈ ಅರ್ಪಣೆಯನ್ನು ಆಧರಿಸಿ, ಕೃತಿ ಮಹಾರಾಜರಿಗಾಗಿ ಅಥವಾ ಅವರ ಕೋರಿಕೆಯ ಮೇರೆಗೆ ರಚಿತವಾಯಿತೆಂದು ಭಾವಿಸುವುದುಂಟು. ಕಾಲಾನುಕ್ರಮ ಇದನ್ನು ಸಮರ್ಥಿಸುವುದಿಲ್ಲ. ಕೃತಿಯ ರಚನೆ ೧೯೪೦ರಿಂದ ೧೯೪೩ರವರೆಗೆ, ಬಹುಪಾಲು ವಾರಿಕ್‌ಷೈರಿನ ಆಶ್ರಯದ ದಿನಗಳಲ್ಲಿ, ನಡೆಯಿತು. ಅದರ ಪ್ರಥಮ ಪ್ರದರ್ಶನ ೧೯೪೪ರ ಫೆಬ್ರವರಿ ೧೯ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿ ಏಡ್ರಿಯನ್ ಬೋಲ್ಟ್ ಅವರ ನಿರ್ದೇಶನದಲ್ಲಿ ನಡೆದು, ಮೆಟ್ನರ್ ಅವರೇ ಪಿಯಾನೊ ನುಡಿಸಿದರು. ಮಹಾರಾಜರ ಪ್ರಸ್ತಾಪ ಬಂದುದು ಇದಾದ ಎರಡು ವರ್ಷಗಳ ಮೇಲೆ. ಆದ್ದರಿಂದ ಅರ್ಪಣೆಯನ್ನು ಆಶ್ರಯದ ಷರತ್ತೆಂದು ಓದದೆ, ಆಶ್ರಯಕ್ಕೆ ಸಲ್ಲಿಸಿದ ಕೃತಜ್ಞತೆಯೆಂದೇ ಓದಬೇಕಾಗುತ್ತದೆ.

ಈ ವ್ಯತ್ಯಾಸ ಸಣ್ಣದಲ್ಲ. ಆಸ್ಥಾನದ ವಾಗ್ಗೇಯಕಾರರು ಅರಸರ ಇಷ್ಟದೇವತೆಯ ಮೇಲೆ, ಅರಸರ ಸೂಚನೆಯಂತೆ ಕೃತಿ ರಚಿಸುವುದು ಮೈಸೂರಿನಲ್ಲಿ ರೂಢಿಯಲ್ಲಿದ್ದ ಕ್ರಮ. ಮುತ್ತಯ್ಯ ಭಾಗವತರ ಚಾಮುಂಡೇಶ್ವರಿ ಕೃತಿಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಮೆಟ್ನರ್ ಅವರ ವಿಷಯದಲ್ಲಿ ಅರಸರು ಹೊಸ ಕೃತಿಯನ್ನು ಕೇಳಲಿಲ್ಲ. ಆಗಲೇ ಇದ್ದ ಕೃತಿಗಳು ಕೇಳಿಸುವಂತಾಗಬೇಕೆಂದು ಬಯಸಿದರು. ಭಾಗವಿರಾಮವಿಲ್ಲದೆ ಸಾಗುವ, ಲೆರ್ಮೊಂತೊವನ ಜಲಕನ್ಯೆಯ ಪದ್ಯದಿಂದ ಹೊರಟು ದೀರ್ಘ ಹೋರಾಟದ ಕೊನೆಗೆ ಬೆಳಕಿಗೆ ಬರುವ ಆ ಕೃತಿ ಯುದ್ಧದ ಕತ್ತಲೆಯಲ್ಲಿ ತನ್ನಷ್ಟಕ್ಕೆ ರೂಪು ತಳೆದುದು. ಮೈಸೂರಿನ ಪಾಲು ಅದನ್ನು ಉಳಿಸಿದುದರಲ್ಲಿದೆ.

೫. ಒಲವಿನ ಕಾರಣಗಳು

ಮಹಾರಾಜರು ಮೆಟ್ನರ್ ಅವರನ್ನೇ ಏಕೆ ಆರಿಸಿಕೊಂಡರು ಎಂಬ ಪ್ರಶ್ನೆಗೆ ಸುಲಭವಾಗಿ ಹೊಳೆಯುವ ಉತ್ತರ ಸಂಪ್ರದಾಯನಿಷ್ಠೆ. ಸಂಗೀತಕ್ಕೆ ಕಾಲಾತೀತವಾದ ಮೂಲ ನಿಯಮಗಳಿವೆ, ಅವುಗಳನ್ನು ತೊರೆದ ನವ್ಯರು ಷೋಕಿಗೆ ಶರಣಾಗಿದ್ದಾರೆ ಎಂಬುದು ಮೆಟ್ನರ್ ಅವರ ಗದ್ಯಗ್ರಂಥದ ಮುಖ್ಯ ವಾದ. ಅದೇ ವರ್ಷಗಳಲ್ಲಿ, ಸಾಮಾನ್ಯವಾಗಿ ೧೯೪೫ರಿಂದ ೧೯೪೭ರ ನಡುವೆ ಎಂದು ಹೇಳಲಾಗುವ ಅವಧಿಯಲ್ಲಿ, ಮಹಾರಾಜರು ಸಂಸ್ಕೃತದಲ್ಲಿ 'ಶ್ರೀವಿದ್ಯಾ' ಅಂಕಿತದ ತೊಂಬತ್ನಾಲ್ಕು ಕೃತಿಗಳನ್ನು ರಚಿಸಿದರು. ಅಠಾಣ ರಾಗದ 'ಶ್ರೀ ಮಹಾಗಣಪತಿಂ' ಇವುಗಳಲ್ಲಿ ಇಂದಿಗೂ ಕಛೇರಿಗಳಲ್ಲಿ ಹೆಚ್ಚು ಕೇಳಿಬರುವ ಕೃತಿ. ಶ್ರೀವಿದ್ಯಾ ಉಪಾಸನೆಯ ಹಿನ್ನೆಲೆಯ ಈ ಕೃತಿಕಾರರು ನಿಯಮನಿಷ್ಠ ರಷ್ಯನ್ ಸಂಯೋಜಕರಲ್ಲಿ ತಮ್ಮ ಸಮಾನಧರ್ಮಿಯನ್ನು ಕಂಡರೆಂಬ ಊಹೆ ಆಕರ್ಷಕವಾದುದು.

ಆದರೆ ಇದಿಷ್ಟೇ ಪೂರ್ಣ ಉತ್ತರವಾಗಲಾರದು. ಮಹಾರಾಜರ ಪಾಶ್ಚಾತ್ಯ ಸಂಗೀತಾಶ್ರಯ ಮೆಟ್ನರ್ ಒಬ್ಬರಿಗೇ ಸೀಮಿತವಾಗಿರಲಿಲ್ಲ. ವಾಲ್ಟರ್ ಲೆಗ್ ೧೯೪೫ರಲ್ಲಿ ಸ್ಥಾಪಿಸಿದ ಫಿಲ್‌ಹಾರ್ಮೊನಿಯ ವಾದ್ಯವೃಂದಕ್ಕೆ ಅವರು ಧನಸಹಾಯ ನೀಡಿ, ೧೯೪೮ರಲ್ಲಿ ಫಿಲ್‌ಹಾರ್ಮೊನಿಯ ಕಛೇರಿ ಸಂಘದ ಮೊದಲ ಅಧ್ಯಕ್ಷರಾದರು. ಲೆಗ್ ಅವರನ್ನು ಮೈಸೂರಿಗೇ ಬರಮಾಡಿಕೊಂಡು ಚರ್ಚಿಸಿದರು. ಬಲಾಕಿರೆವ್ ಅವರ ಮೊದಲನೆಯ ಸಿಂಫನಿ, ಫ್ರಾನ್ಸಿನ ರೂಸೆಲ್ ಅವರ ನಾಲ್ಕನೆಯ ಸಿಂಫನಿ ಮೊದಲಾದ, ಮಾರುಕಟ್ಟೆಯಲ್ಲಿ ಬೇಡಿಕೆ ಕಡಿಮೆಯಿದ್ದ ಕೃತಿಗಳ ಮುದ್ರಣದಲ್ಲಿ ಅವರು ಆಸಕ್ತಿ ತೋರಿದರು. ಇವೆರಡನ್ನೂ ೧೯೪೯ರಲ್ಲಿ ಹೆರ್ಬರ್ಟ್ ಫಾನ್ ಕಾರಾಯಾನ್ ಅದೇ ವಾದ್ಯವೃಂದದೊಡನೆ ಧ್ವನಿಮುದ್ರಿಸಿದರು. ರಿಚರ್ಡ್ ಷ್ಟ್ರಾಸ್ ಅವರ 'ಕೊನೆಯ ನಾಲ್ಕು ಗೀತೆಗಳು' ಅವರ ಮರಣಾನಂತರ ೧೯೫೦ರ ಮೇ ೨೨ರಂದು ಲಂಡನ್ನಿನಲ್ಲಿ, ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಅವರ ಗಾಯನ ಮತ್ತು ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್ ಅವರ ನಿರ್ದೇಶನದಲ್ಲಿ ಮೊದಲ ಬಾರಿಗೆ ಕೇಳಿಬಂದಾಗ, ಆ ಕಾರ್ಯಕ್ರಮಕ್ಕೆ ಹಣದ ಭರವಸೆ ನೀಡಿದವರೂ ಮೈಸೂರು ಮಹಾರಾಜರೇ. ಅದನ್ನು ತಮ್ಮ ಸಂಗ್ರಹಕ್ಕಾಗಿ ಧ್ವನಿಮುದ್ರಿಸಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ಷ್ಟ್ರಾಸ್ ಅವರ ಸಂಗೀತದ ಬಗ್ಗೆ ಮೆಟ್ನರ್ ಅವರಿಗೆ ಒಲವಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಮೆಟ್ನರ್ ಒಪ್ಪದಿದ್ದ ಸಂಗೀತಕ್ಕೂ ಅವರ ಆಶ್ರಯದಾತರು ನೆರವಾದರು. ಆದುದರಿಂದ ಮಹಾರಾಜರ ಅಭಿರುಚಿಯನ್ನು ಒಂದು ಪಂಥದ ಪಕ್ಷಪಾತವೆಂದು ವಿವರಿಸಲಾಗದು.

ಈ ಎಲ್ಲ ನಿದರ್ಶನಗಳಲ್ಲಿ ಸಮಾನವಾದ ಒಂದು ಅಂಶವಿದೆ: ನೆರವಿಲ್ಲದಿದ್ದರೆ ಕೇಳಿಸದೆ ಹೋಗಬಹುದಾದ ಸಂಗೀತವನ್ನು ಕೇಳಿಸುವಂತೆ ಮಾಡುವ ಅಪೇಕ್ಷೆ. ಕರ್ನಾಟಕ ಸಂಗೀತದಲ್ಲಿ ಕೃತಿಯೊಂದು ಉಳಿಯುವುದು ಬರಹದಿಂದಲ್ಲ, ಗುರುಮುಖದಿಂದ ಬಂದ ಪಾಠಾಂತರದಿಂದ. ರಚನಕಾರನ ಬಾಯಿಂದಲೇ ಕೇಳಿ ಕಲಿತ ಪಾಠಕ್ಕೆ ಇರುವ ಪ್ರಾಮಾಣ್ಯ ಲಿಪಿಗಿಲ್ಲ. ವಾಸುದೇವಾಚಾರ್ಯರಂಥ ವಾಗ್ಗೇಯಕಾರರನ್ನು ಹತ್ತಿರದಿಂದ ಬಲ್ಲ ಅರಸರಿಗೆ, ಮೆಟ್ನರ್ ಅವರ ಸ್ವರಲಿಪಿ ಮುದ್ರಿತವಾಗಿದ್ದರೂ ಅವರದೇ ಬೆರಳುಗಳ ಪಾಠ ಉಳಿಯದಿದ್ದರೆ ಅದು ನಷ್ಟವೆನಿಸಿರುವುದು ಅಸಂಭವವಲ್ಲ. ಇದು ಅನುಮಾನವೇ ಹೊರತು ದಾಖಲೆಯ ಮಾತಲ್ಲ. ಆದರೆ ಸಂಯೋಜಕರೇ ನುಡಿಸಬೇಕೆಂಬ ಯೋಜನೆಯ ಮುಖ್ಯಾಂಶಕ್ಕೆ ಇದು ಹೊಂದುತ್ತದೆ.

೬. ೧೯೪೭ರ ಮೈಸೂರು

ಈ ಆಶ್ರಯದ ಇನ್ನೊಂದು ಮಗ್ಗುಲನ್ನು ಮರೆತರೆ ಚಿತ್ರ ಅಪೂರ್ಣವಾಗುತ್ತದೆ. ಲಂಡನ್ನಿನಲ್ಲಿ ಕನ್ಸರ್ಟೊಗಳು ಮುದ್ರಣಗೊಳ್ಳುತ್ತಿದ್ದ ೧೯೪೭ನೆಯ ವರ್ಷವೇ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ಚಳವಳಿ ತುದಿ ಮುಟ್ಟಿದ ವರ್ಷ. ಸ್ವಾತಂತ್ರ್ಯ ಬಂದ ಕೆಲವೇ ದಿನಗಳಲ್ಲಿ 'ಮೈಸೂರು ಚಲೋ' ಸತ್ಯಾಗ್ರಹ ಆರಂಭವಾಯಿತು. ಸಾವಿರಾರು ಜನ ಬಂಧನಕ್ಕೊಳಗಾದರು. ಅಕ್ಟೋಬರಿನಲ್ಲಿ ಒಪ್ಪಂದವಾಗಿ, ಕೆ.ಸಿ. ರೆಡ್ಡಿಯವರ ನೇತೃತ್ವದ ಸಚಿವ ಸಂಪುಟ ಅಧಿಕಾರ ವಹಿಸಿಕೊಂಡಿತು. ಪ್ರಜೆಗಳು ಆಡಳಿತದ ಹೊಣೆಯನ್ನು ಕೇಳುತ್ತಿದ್ದ ಹೊತ್ತಿನಲ್ಲಿ ಅರಮನೆಯ ಹಣ ದೂರದ ದೇಶದ ಸಂಗೀತಕ್ಕೆ ಹೋಗುತ್ತಿದ್ದುದನ್ನು ಪ್ರಶ್ನಿಸುವವರ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಅರಸರ ರಸಿಕತೆಯನ್ನು ಕೊಂಡಾಡುವ ಬರಹಗಳು ಈ ಪ್ರಶ್ನೆಯನ್ನು ಎತ್ತುವುದೇ ಇಲ್ಲ. ಎತ್ತುವ ಬರಹಗಳು ಆ ಹಣದಿಂದ ಏನು ಉಳಿಯಿತೆಂಬುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಚರಿತ್ರೆಯ ತೂಕದಲ್ಲಿ ಎರಡನ್ನೂ ಇಡಬೇಕಾಗುತ್ತದೆ. ರಾಜಾಶ್ರಯದ ಶಕ್ತಿಯೂ ದೌರ್ಬಲ್ಯವೂ ಒಂದೇ: ಅದು ಯಾರನ್ನೂ ಕೇಳಬೇಕಾಗಿಲ್ಲ. ಸಮಿತಿಯೊಂದರ ಮುಂದೆ ಬಂದಿದ್ದರೆ ಮೆಟ್ನರ್ ಅವರ ಹೆಸರು ಮೈಸೂರಿನಲ್ಲಿ ಮಂಜೂರಾತಿ ಪಡೆಯುವುದು ದುರ್ಲಭವಾಗಿತ್ತು. ಲಂಡನ್ನಿನ ಸಮಿತಿಗಳೂ ಅವರಿಗೆ ಆ ನೆರವನ್ನು ನೀಡಿರಲಿಲ್ಲ.

೧೯೫೦ರಲ್ಲಿ ಸಂವಿಧಾನ ಜಾರಿಗೆ ಬಂದು ಮಹಾರಾಜರು ಮೈಸೂರು ರಾಜ್ಯದ ರಾಜಪ್ರಮುಖರಾದರು. ರಾಜಧನದ ಮಿತಿಯೊಳಗೆ ಹಿಂದಿನ ಪ್ರಮಾಣದ ಆಶ್ರಯ ಮುಂದುವರಿಯುವುದು ಶಕ್ಯವಿರಲಿಲ್ಲ. ಫಿಲ್‌ಹಾರ್ಮೊನಿಯಕ್ಕೆ ಹೋಗುತ್ತಿದ್ದ ನೆರವೂ ನಿಂತಿತು. ೧೯೫೬ರಿಂದ ೧೯೬೪ರವರೆಗೆ ಮೈಸೂರಿನ, ಅನಂತರ ೧೯೬೬ರವರೆಗೆ ಮದರಾಸಿನ ರಾಜ್ಯಪಾಲರಾಗಿದ್ದ ಅವರು ೧೯೭೪ರ ಸೆಪ್ಟೆಂಬರ್ ೨೩ರಂದು ನಿಧನರಾದರು. ಅದಕ್ಕೆ ಮೂರು ವರ್ಷ ಮೊದಲೇ, ೧೯೭೧ರಲ್ಲಿ, ರಾಜಧನ ರದ್ದಾಗಿತ್ತು.

ಮೆಟ್ನರ್ ಅವರ ಪತ್ನಿ ಅನ್ನಾ ೧೯೫೮ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಹಿಂದಿರುಗಿದರು. ೧೯೫೯ರಿಂದ ೧೯೬೩ರವರೆಗೆ ಮಾಸ್ಕೋದಲ್ಲಿ ಅವರ ಸಮಗ್ರ ಕೃತಿಗಳು ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾದವು. ತೊರೆದು ಬಂದ ದೇಶ ಅವರ ಲಿಪಿಯನ್ನು ಹೀಗೆ ಉಳಿಸಿಕೊಂಡಿತು. ಅವರ ವಾದನ ಉಳಿದುದು ಮೈಸೂರಿನ ಹಣದಿಂದಾದ ತಟ್ಟೆಗಳಲ್ಲಿ. ೧೯೯೦ರ ದಶಕದಲ್ಲಿ ಅವುಗಳಲ್ಲಿ ಹಲವು ಸಿ.ಡಿ.ಗಳಾಗಿ ಮತ್ತೆ ಹೊರಬಂದವು. ಇಂದು ಈ ಕನ್ಸರ್ಟೊಗಳನ್ನು ನುಡಿಸಲು ತೊಡಗುವ ಪಿಯಾನೊವಾದಕರು ಲಯದ ಸೂಕ್ಷ್ಮಗಳಲ್ಲಿ ಸಂದೇಹ ಬಂದಾಗ ಆ ಧ್ವನಿಮುದ್ರಣಗಳತ್ತ ತಿರುಗಬಹುದು. ಆಸ್ಥಾನ ವಿದ್ವಾಂಸರ ಪಟ್ಟಿಯಲ್ಲಿ ಮೆಟ್ನರ್ ಅವರಿಗೆ ಸ್ಥಾನವಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಮೈಸೂರಿನ ಸಂಗೀತಾಶ್ರಯದ ಕೊನೆಯ ಅಧ್ಯಾಯವನ್ನು ಬರೆಯುವವರು ಈ ಕೃತಿಗಳನ್ನು ಕೇಳದೆ ಅದನ್ನು ಮುಗಿಸುವಂತಿಲ್ಲ.